ಶಾಲೆ ನಡೆಯುವಾಗಲೇ ಮದುವೆ ಬಂತು: ಮಕ್ಕಳಿಗೆ ರಜೆ ಕೇಳುವುದು ಹೇಗೆ?

ಮೂರು ವರ್ಷದ ಹಿಂದೆ ಚಿಕ್ಕಪ್ಪನ ಮಗಳ ಮದುವೆಗೆ ಅಂತ ಮಗಳನ್ನು ಮೂರು ದಿನ ಶಾಲೆ ಬಿಡಿಸಿ ಸಾಗರಕ್ಕೆ ಕರೆದುಕೊಂಡು ಹೋಗಿದ್ದೆ. ಆಗ ಅವಳು ಎರಡನೇ ಕ್ಲಾಸು. ಕೇಳಿದರೆ ಎಲ್ಲಿ ಇಲ್ಲ ಅಂದುಬಿಡುತ್ತಾರೋ ಅಂತ ಡೈರಿಯಲ್ಲಿ ಸುಮ್ನೆ 'ಜ್ವರ' ಅಂತ ಬರೆದುಬಿಟ್ಟೆ. ಸೋಮವಾರ ಬೆಳಿಗ್ಗೆ ಶೂ ಹಾಕುವಾಗ ಅವಳು ಎರಡೂ ಅಂಗೈ ಬಿಚ್ಚಿ ತೋರಿಸಿದಳು. ಕೆಂಪಗೆ ಮೆಹಂದಿ. "ಟೀಚರ್ ಕೇಳಿದ್ರೆ ಏನು ಹೇಳ್ಲಿ ಅಮ್ಮ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಅವಳೇ ಒಂದು ಉಪಾಯ ಹುಡುಕಿಕೊಂಡಳು. ಮಧ್ಯಾಹ್ನದವರೆಗೂ ಎಡಗೈ ಮುಷ್ಟಿ ಬಿಚ್ಚಲಿಲ್ಲವಂತೆ, ಬರೆಯುವ ಬಲಗೈಯನ್ನು ಸ್ವೆಟರಿನ ತೋಳಿನೊಳಗೆ ಎಳೆದುಕೊಂಡಿದ್ದಳಂತೆ. ಊಟದ ಡಬ್ಬಿ ಮುಚ್ಚಳ ತೆಗೆಯಲು ಹೋದಾಗ ಟೀಚರ್ ನೋಡಿದರು. ಏನೂ ಕೇಳಲಿಲ್ಲ, ನಕ್ಕರು ಅಷ್ಟೆ. ಡಬ್ಬಿ ಮಾತ್ರ ಹಾಗೇ ವಾಪಸ್ ಬಂದಿತ್ತು.

ಹೋದ ನವೆಂಬರಿನಲ್ಲಿ ನನ್ನ ತಮ್ಮನ ಮದುವೆ. ಈ ಸಲ ಕೇಳಿಯೇ ಹೋದೆವು. ಅಂದುಕೊಂಡಷ್ಟು ಕಷ್ಟವೇನೂ ಆಗಲಿಲ್ಲ, ಆದರೆ ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ಮುಖ್ಯ. ಅದನ್ನೇ ಇಲ್ಲಿ ಬರೆದಿದ್ದೇನೆ. ಮದುವೆ ಅಂತ ಬರೆದ ಕಡೆ ಉಪನಯನ, ಗೃಹಪ್ರವೇಶ, ಅಜ್ಜನ ಎಪ್ಪತ್ತರ ಶಾಂತಿ, ಊರ ಜಾತ್ರೆ ಯಾವುದನ್ನು ಬೇಕಾದರೂ ಓದಿಕೊಳ್ಳಿ.

ಮುಹೂರ್ತ ಇಡುವಾಗಲೇ ಬಾಯಿ ಬಿಡಿ

ನಾವು ಮಾಡುವ ದೊಡ್ಡ ತಪ್ಪು ಇದು. ಲಗ್ನಪತ್ರಿಕೆ ಅಚ್ಚಾಗಿ ಬಂದ ಮೇಲೆ ಶಾಲೆಯ ಕ್ಯಾಲೆಂಡರ್ ತೆಗೆಯುತ್ತೇವೆ. ಪುರೋಹಿತರು ಒಂದೇ ದಿನ ಕೊಡುವುದು ಕಡಿಮೆ, ಎರಡೋ ಮೂರೋ ದಿನ ಹೇಳಿರುತ್ತಾರೆ. ಅದರಲ್ಲಿ ಯಾವುದು ಅಂತ ಗೊತ್ತಾಗುವುದು ಛತ್ರ ಖಾಲಿ ಇದೆಯೋ ಇಲ್ಲವೋ ಅನ್ನುವುದರ ಮೇಲೆ. ಅಲ್ಲಿ ಮಕ್ಕಳ ಪರೀಕ್ಷೆಯ ಮಾತು ಎತ್ತುವವರು ಯಾರೂ ಇರುವುದಿಲ್ಲ. ನೀವು ಎತ್ತಿ. ಸ್ವಂತ ಅಣ್ಣನೋ ತಮ್ಮನೋ ಆದರೆ ಹೇಳುವ ಹಕ್ಕು ನಿಮಗಿದ್ದೇ ಇದೆ. ದೂರದ ನೆಂಟರಾದರೆ ಬಿಡಿ, ಅವರ ದಿನ ಅವರದು.

ಪಂಚಾಂಗ ಮತ್ತು ಶಾಲೆ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಲೆಕ್ಕ ಸಿಗುತ್ತದೆ. ನಮ್ಮ ರಾಜ್ಯ ಪಠ್ಯಕ್ರಮದ ಶಾಲೆಗಳು ಮೇ ಕೊನೆಯಲ್ಲಿ ಬಾಗಿಲು ತೆರೆದು ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಮುಚ್ಚುತ್ತವೆ. ನಡುವೆ ದಸರಾ ರಜೆ. ಆಷಾಢದಲ್ಲಿ ಮದುವೆ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಧನುರ್ಮಾಸ, ಆಗಲೂ ಇಲ್ಲ. ಉಳಿಯುವುದು ಶ್ರಾವಣ, ತುಳಸಿ ಹಬ್ಬದ ಮೇಲಿನ ಕಾರ್ತಿಕ-ಮಾರ್ಗಶಿರ, ಮಾಘ-ಫಾಲ್ಗುಣ, ಆಮೇಲೆ ವೈಶಾಖ-ಜ್ಯೇಷ್ಠ.

ಇವುಗಳಲ್ಲಿ ವೈಶಾಖವಾದರೆ ಯೋಚನೆಯೇ ಇಲ್ಲ, ಬೇಸಿಗೆ ರಜೆ. (ಕೆಲವು ಸಿಬಿಎಸ್‌ಇ ಶಾಲೆಗಳು ಏಪ್ರಿಲ್‌ನಲ್ಲೇ ಹೊಸ ಕ್ಲಾಸು ಶುರು ಮಾಡುತ್ತವೆ, ಅವರು ಒಮ್ಮೆ ನೋಡಿಕೊಳ್ಳಬೇಕು.) ನವೆಂಬರ್ ಮತ್ತು ಡಿಸೆಂಬರ್ ಮೊದಲ ಎರಡು ವಾರವೂ ಪರವಾಗಿಲ್ಲ. ದಸರೆಯ ಹೊತ್ತಿಗೆ ಅರ್ಧವಾರ್ಷಿಕ ಪರೀಕ್ಷೆ ಮುಗಿದಿರುತ್ತದೆ, ಮುಂದಿನ ಟೆಸ್ಟ್‌ಗೆ ಇನ್ನೂ ಸಮಯ ಇರುತ್ತದೆ. ಮೇಲಿಂದ ರಾಜ್ಯೋತ್ಸವ, ಕನಕ ಜಯಂತಿಯ ರಜೆ ಬೇರೆ. ತೀರಾ ಕಷ್ಟ ಅಂದರೆ ಫೆಬ್ರವರಿ-ಮಾರ್ಚ್. ಕೊನೆಯ ಎಫ್‌ಎ (ವರ್ಷದ ನಡುನಡುವೆ ನಡೆಸುವ ಕಿರುಪರೀಕ್ಷೆ), ಎಸ್‌ಎಸ್‌ಎಲ್‌ಸಿಯವರಿಗೆ ಪೂರ್ವಸಿದ್ಧತಾ ಪರೀಕ್ಷೆ, ಆಮೇಲೆ ವಾರ್ಷಿಕ ಪರೀಕ್ಷೆ, ಎಲ್ಲ ಆಗಲೇ. ಮಾಘದ ಮುಹೂರ್ತ ಒಳ್ಳೆಯದು ಅಂತ ಹಿರಿಯರು ಹೇಳುತ್ತಾರೆ, ನಿಜವೇ ಇರಬಹುದು. ಆದರೆ ಹತ್ತನೇ ಕ್ಲಾಸಿನ ಮಗು ಇರುವ ಮನೆಗೆ ಅದು ಒಳ್ಳೆಯದಲ್ಲ.

ನಮ್ಮನೆಯಲ್ಲಿ ಎರಡು ದಿನ ಇಟ್ಟಿದ್ದರು. ಒಂದು ನವೆಂಬರಿನ ಗುರುವಾರ, ಇನ್ನೊಂದು ಫೆಬ್ರವರಿಯಲ್ಲಿ. "ಫೆಬ್ರವರಿ ಆದರೆ ನಾನು ಹಿಂದಿನ ರಾತ್ರಿ ಬಂದು ಅಕ್ಷತೆ ಹಾಕಿ ಮದುವೆ ದಿನ ರಾತ್ರಿಯೇ ಹೊರಡ್ತೀನಿ, ಅಷ್ಟೇ" ಅಂತ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ನವೆಂಬರ್ ಆಯಿತು.

ದಿನ ಎಣಿಸಿ, ಮಗುವಿನ ಕಡೆಯಿಂದ

ಮದುವೆಗೆ ಎಷ್ಟು ದಿನ ಬೇಕು ಅಂತ ಮನೆಯವರನ್ನು ಕೇಳಿದರೆ ಒಂದು ವಾರ ಅಂತಾರೆ. ಚಪ್ಪರ, ನಾಂದಿ, ಮದುವೆ, ಮಾರನೇ ದಿನ ಹೆಣ್ಣೊಪ್ಪಿಸಿಕೊಂಡು ಬರುವುದು, ಸತ್ಯನಾರಾಯಣ ಪೂಜೆ, ಬೀಗರ ಊಟ. ಇದರಲ್ಲಿ ದೊಡ್ಡವರು ಬೇಕಾದ ದಿನ ಬೇರೆ, ಮಗು ಬೇಕಾದ ದಿನ ಬೇರೆ. ಒಂದು ಹಾಳೆ ತೆಗೆದುಕೊಂಡು ಪ್ರತಿ ಕಾರ್ಯದ ಮುಂದೆ 'ಇಲ್ಲಿ ಮಗುವಿಗೆ ಏನು ಕೆಲಸ?' ಅಂತ ಬರೆಯಿರಿ. ಕೆಲಸ ಅಂದರೆ ಕಳಸ ಹಿಡಿಯುವುದೇ ಆಗಬೇಕಿಲ್ಲ. ಅಣ್ಣ-ತಮ್ಮಂದಿರ ಮಕ್ಕಳೆಲ್ಲ ಸೇರಿ ಮದುವೆ ಹಿಂದಿನ ರಾತ್ರಿ ಒಂದೇ ಜಮಖಾನೆಯ ಮೇಲೆ ಮಲಗಿ ನಿದ್ದೆಗೆಡುವುದೂ ಒಂದು ಕೆಲಸವೇ. ನನ್ನ ಪ್ರಕಾರ ಅದೇ ದೊಡ್ಡದು.

ನಾವು ಹಾಗೆ ಬರೆದಾಗ ಬೇಕಾದದ್ದು ಬುಧವಾರದಿಂದ ಶುಕ್ರವಾರ. ಮೂರು ದಿನ, ಆಮೇಲೆ ಶನಿವಾರ-ಭಾನುವಾರ. ಮುಂದಿನ ವಾರದ ಬೀಗರ ಊಟಕ್ಕೆ ನಮ್ಮನೆಯವರೊಬ್ಬರೇ ಹೋದರು. ಅತ್ತಿಗೆಗೆ ಸ್ವಲ್ಪ ಬೇಜಾರಾಯಿತು, ಒಂದು ವಾರದಲ್ಲಿ ಸರಿಹೋಯಿತು.

ಪ್ರಯಾಣವನ್ನೂ ಇದೇ ಹಾಳೆಯಲ್ಲಿ ಬರೆಯಿರಿ. ರೈಲಿಗೆ ಈಗ 60 ದಿನ ಮುಂಚೆ ಮಾತ್ರ ಬುಕಿಂಗ್ ತೆರೆಯುತ್ತದೆ, ಮೊದಲಿನ ಹಾಗೆ 120 ದಿನ ಇಲ್ಲ. ಮುಹೂರ್ತದ ದಿನಗಳಲ್ಲಿ ಮಲೆನಾಡಿನ ಕಡೆಯ ರಾತ್ರಿ ರೈಲು ಬೇಗ ತುಂಬುತ್ತದೆ. ಟಿಕೆಟ್ ಸಿಗಲಿಲ್ಲ ಅಂತ ಒಂದು ದಿನ ಮುಂಚೆ ಹೊರಟರೆ ಮಗುವಿನ ಒಂದು ದಿನ ಸುಮ್ನೆ ಹೋಯಿತು. ವಾಪಸ್ ಬರುವಾಗ ಇನ್ನೊಂದು ಆಸೆ ಇರುತ್ತದೆ: ಭಾನುವಾರ ರಾತ್ರಿ ರೈಲು ಹತ್ತಿ, ನಸುಕಿನಲ್ಲಿ ಬೆಂಗಳೂರಲ್ಲಿ ಇಳಿದು, ಎಂಟು ಗಂಟೆಗೆ ಶಾಲೆ. ದಯವಿಟ್ಟು ಬೇಡ. ಹಾಜರಿ ಪುಸ್ತಕದಲ್ಲಿ ಹೆಸರು ಬೀಳುತ್ತದೆ, ಮಗು ಎರಡನೇ ಪೀರಿಯಡ್‌ಗೇ ಬೆಂಚಿಗೆ ತಲೆ ಇಟ್ಟಿರುತ್ತದೆ. ಶನಿವಾರ ರಾತ್ರಿಯೇ ಹೊರಡಿ.

ಯಾವ ಕ್ಲಾಸು ಅನ್ನುವುದರ ಮೇಲೆ ಎಲ್ಲ ನಿಂತಿದೆ

2009ರ ಶಿಕ್ಷಣ ಹಕ್ಕು ಕಾಯ್ದೆ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 6ರಿಂದ 8ಕ್ಕೆ 220 ದಿನ ಪಾಠ ನಡೆಯಬೇಕು ಅನ್ನುತ್ತದೆ. 200ರಲ್ಲಿ ಮೂರು ದಿನ ಅಂದರೆ ನೂರಕ್ಕೆ ಒಂದೂವರೆ. ಪ್ರೈಮರಿ ಮಕ್ಕಳಿಗೆ ಇದು ಹಾಜರಿಯ ಪ್ರಶ್ನೆಯೇ ಅಲ್ಲ, ಆ ಮೂರು ದಿನದಲ್ಲಿ ಏನು ನಡೆಯಿತು ಅನ್ನುವುದರ ಪ್ರಶ್ನೆ. ಮೂರು ದಿನ ಪುನರಾವರ್ತನೆ ನಡೆದರೆ ಏನೂ ಹೋಗಿಲ್ಲ. ಭಿನ್ನರಾಶಿ ಶುರುವಾದ ಮೂರೇ ದಿನ ತಪ್ಪಿಸಿಕೊಂಡರೆ ಮುಂದಿನ ಒಂದು ತಿಂಗಳು ಮನೆಯಲ್ಲಿ ಜಗಳ.

9ರ ಮೇಲೆ ಲೆಕ್ಕ ಬದಲಾಗುತ್ತದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರಲು ಶೇಕಡಾ 75 ಹಾಜರಿ ಬೇಕು. ಸಿಬಿಎಸ್‌ಇಯಲ್ಲೂ 10 ಮತ್ತು 12ಕ್ಕೆ ಅಷ್ಟೇ. ಕಡಿಮೆ ಬಿದ್ದರೆ ಸಿಬಿಎಸ್‌ಇ ರಿಯಾಯಿತಿ ಕೊಡುವುದು ಕಾಯಿಲೆ, ರಾಷ್ಟ್ರಮಟ್ಟದ ಕ್ರೀಡೆಯಂಥ ಕಾರಣಕ್ಕೆ, ಅದೂ ದಾಖಲೆ ತೋರಿಸಿದರೆ. ಲಗ್ನಪತ್ರಿಕೆ ಅಲ್ಲಿ ನಡೆಯುವುದಿಲ್ಲ. '25ರಷ್ಟು ಬಿಡಬಹುದಲ್ಲ, 50 ದಿನ ಆಯ್ತು' ಅಂತ ಕೆಲವರು ಲೆಕ್ಕ ಹಾಕುತ್ತಾರೆ. ಡೆಂಗಿ ಬಂದು ಮಗು ಎರಡು ವಾರ ಮಲಗಿದರೆ ಆ 50 ಎಷ್ಟು ಬೇಗ ಕರಗುತ್ತದೆ ಅಂತ ಅನುಭವಿಸಿದವರನ್ನು ಕೇಳಿ.

ಹತ್ತನೇ ಕ್ಲಾಸಿನವರನ್ನು ಡಿಸೆಂಬರ್ ಮೇಲೆ ಎಲ್ಲಿಗೂ ಕರೆದೊಯ್ಯಬೇಡಿ ಅನ್ನುವವಳು ನಾನಲ್ಲ. ಸ್ವಂತ ಅಕ್ಕನ ಮದುವೆಗೆ ತಂಗಿ ಇಲ್ಲದಿದ್ದರೆ ಆ ಫೋಟೊ ಜೀವನವಿಡೀ ಕಾಡುತ್ತದೆ. ಆದರೆ ಒಂದು ದಿನ ಸಾಕು, ಮತ್ತು ಹೋಗಬೇಕೋ ಬೇಡವೋ ಅಂತ ಆ ಹುಡುಗಿಯನ್ನೇ ಕೇಳಿ. ಎಷ್ಟೋ ಮಕ್ಕಳು ತಾವೇ ಬೇಡ ಅಂತಾರೆ. ಆಗ ಪಕ್ಕದ ಮನೆಯಲ್ಲೋ ಅಜ್ಜಿಯ ಜೊತೆಯಲ್ಲೋ ಬಿಡುವ ಏರ್ಪಾಟು ಮೊದಲೇ ಆಗಿರಬೇಕು.

ಮೊದಲು ಮಾತು, ಆಮೇಲೆ ಚೀಟಿ

ಕ್ಲಾಸ್ ಟೀಚರಿಗೆ ಹದಿನೈದು ಇಪ್ಪತ್ತು ದಿನ ಮುಂಚೆ ಹೇಳಿ. ವಾಟ್ಸಾಪ್ ಗುಂಪಿನಲ್ಲಿ ಅಲ್ಲ. ಗುಂಪಿನಲ್ಲಿ ಕೇಳಿದರೆ ಅವರು 'ಇಲ್ಲ' ಅನ್ನಲೇಬೇಕಾಗುತ್ತದೆ, ನಲವತ್ತು ಜನ ನೋಡುತ್ತಿರುತ್ತಾರಲ್ವಾ. ಪೇರೆಂಟ್ಸ್ ಮೀಟಿಂಗ್ ಇದ್ದರೆ ಅದೇ ಒಳ್ಳೆಯ ಹೊತ್ತು. ಇಲ್ಲದಿದ್ದರೆ ಶಾಲೆ ಬಿಡುವ ಸಮಯಕ್ಕೆ ಐದು ನಿಮಿಷ.

ಕೇಳುವ ರೀತಿ ಮುಖ್ಯ. "ರಜೆ ಕೊಡ್ತೀರಾ?" ಅಂತ ಶುರು ಮಾಡಬೇಡಿ. "ಮೇಡಂ, ಈ ಮೂರು ದಿನ ಟೆಸ್ಟ್ ಏನಾದ್ರೂ ಇದೆಯಾ? ಯಾವ ಪಾಠ ನಡೆಯುತ್ತೆ?" ಅಂತ ಕೇಳಿ. ಅಲ್ಲಿಂದ ಮಾತು ಬೇರೆ ದಾರಿ ಹಿಡಿಯುತ್ತದೆ. ನಮ್ಮ ಟೀಚರ್ ಪ್ಲಾನ್ ಪುಸ್ತಕ ತೆಗೆದು ನೋಡಿ, "ಗುರುವಾರ ಕನ್ನಡದಲ್ಲಿ ಪದ್ಯ ಬಾಯಿಪಾಠ ಒಪ್ಪಿಸೋದಿದೆ. ಅದರ ಬದಲು ಮಂಗಳವಾರವೇ ಅವಳದ್ದು ಕೇಳಿಬಿಡ್ತೀನಿ ಬಿಡಿ" ಅಂದರು. ನಾನು ಅಷ್ಟನ್ನು ನಿರೀಕ್ಷಿಸಿರಲಿಲ್ಲ. ಟೀಚರುಗಳಿಗೂ ತಮ್ಮಂದಿರ ಮದುವೆ ಇರುತ್ತದೆ, ನಾವು ಅದನ್ನು ಮರೆತಿರುತ್ತೇವೆ.

ಮಾತಾದ ಮೇಲೆ ಬರಹದಲ್ಲಿ ಕೊಡಿ. ಕಾರಣ ಸರಳ: ಟೀಚರ್ ಒಪ್ಪಿದ್ದು ಮುಖ್ಯ ಶಿಕ್ಷಕರಿಗೆ ಗೊತ್ತಿರುವುದಿಲ್ಲ, ಮತ್ತು ಆ ದಿನ ಟೀಚರೇ ರಜೆಯಲ್ಲಿದ್ದರೆ ಬದಲಿಗೆ ಬಂದವರು ನಿಮಗೆ ಫೋನ್ ಮಾಡುತ್ತಾರೆ, ಅದೂ ಸರಿಯಾಗಿ ಮಾಂಗಲ್ಯಧಾರಣೆಯ ಹೊತ್ತಿಗೆ. ನಾನು ಕೊಟ್ಟ ಚೀಟಿ ಹೀಗಿತ್ತು, ಬೇಕಾದರೆ ಹಾಗೇ ಬಳಸಿಕೊಳ್ಳಿ:

*ಮುಖ್ಯ ಶಿಕ್ಷಕರಿಗೆ,*
*ವಿಷಯ: ಮಗಳಿಗೆ ಮೂರು ದಿನ ರಜೆ ಕೋರಿ.*
*ಮಾನ್ಯರೇ,*
*ನನ್ನ ಮಗಳು (ಹೆಸರು) ನಿಮ್ಮ ಶಾಲೆಯಲ್ಲಿ 5ನೇ ತರಗತಿ 'ಬಿ' ವಿಭಾಗದಲ್ಲಿ ಓದುತ್ತಿದ್ದಾಳೆ. ಅವಳ ಸೋದರಮಾವನ ಮದುವೆ ಸಾಗರದಲ್ಲಿ ಇರುವುದರಿಂದ (ದಿನಾಂಕ)ರಿಂದ (ದಿನಾಂಕ)ರವರೆಗೆ ಮೂರು ದಿನ ಶಾಲೆಗೆ ಬರಲು ಆಗುವುದಿಲ್ಲ. ಸೋಮವಾರ ಶಾಲೆಗೆ ಹಾಜರಾಗುತ್ತಾಳೆ. ತಪ್ಪಿದ ಪಾಠ ಮತ್ತು ಬರಹವನ್ನು ಮುಂದಿನ ವಾರದೊಳಗೆ ಮುಗಿಸುವ ಜವಾಬ್ದಾರಿ ನನ್ನದು. ಕ್ಲಾಸ್ ಟೀಚರ್ ಜೊತೆ ಮಾತನಾಡಿದ್ದೇನೆ. ದಯವಿಟ್ಟು ರಜೆ ಮಂಜೂರು ಮಾಡಬೇಕೆಂದು ಕೋರುತ್ತೇನೆ.*
*ಇಂತಿ, (ಸಹಿ, ಫೋನ್ ನಂಬರ್)*

ಚೀಟಿಯಲ್ಲಿ 'ತುರ್ತು', 'ಅನಿವಾರ್ಯ ಕಾರಣ' ಅಂತೆಲ್ಲ ಬರೆಯಬೇಡಿ. ಮದುವೆ ಅಂದರೆ ಮದುವೆ. ಮಂಜೂರಾದ ಚೀಟಿಯ ಫೋಟೊ ಮೊಬೈಲಿನಲ್ಲಿರಲಿ.

'ಇಲ್ಲ' ಅಂದರೆ? ಕೆಲವು ಶಾಲೆಗಳು ಹಾಗೇ ಅನ್ನುತ್ತವೆ, ಡೈರಿಯ ನಿಯಮ ತೋರಿಸುತ್ತವೆ. ಆಗ ದಿನ ಕಡಿಮೆ ಮಾಡಿ ಮತ್ತೆ ಕೇಳಿ. ಐದರ ಬದಲು ಎರಡು ಅಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಆ ದಿನವೇ ಟೆಸ್ಟ್ ಇದ್ದರೆ ಮತ್ತೆ ತೆಗೆದುಕೊಳ್ಳುವ ಅವಕಾಶ ಇದೆಯಾ ಅಂತ ನೇರವಾಗಿ ಕೇಳಿಕೊಳ್ಳಿ. ಇಲ್ಲ ಅಂದರೆ ಅಂಕ ಹೋಗುತ್ತದೆ. ಹೋಗಲಿ ಅನ್ನುವುದಾದರೆ ಮಗುವಿಗೂ ಮೊದಲೇ ಹೇಳಿ, ಪ್ರೋಗ್ರೆಸ್ ಕಾರ್ಡ್ ಬಂದ ದಿನ ಬೈಯಬೇಡಿ.

ಛತ್ರಕ್ಕೆ ಪುಸ್ತಕದ ಚೀಲ ಬೇಡ

ಪೂರ್ತಿ ಸ್ಕೂಲ್ ಬ್ಯಾಗ್ ಹೊತ್ತುಕೊಂಡು ಹೋಗಿ ಹೋದ ಹಾಗೇ ವಾಪಸ್ ತಂದವಳು ನಾನು. ಛತ್ರದಲ್ಲಿ ಹೋಂವರ್ಕ್ ಆಗುವುದಿಲ್ಲ. ನಾದಸ್ವರ ಒಂದು ಕಡೆ, ಮೂಟೆಗಟ್ಟಲೆ ಅಣ್ಣ-ತಂಗಿಯರು ಇನ್ನೊಂದು ಕಡೆ. ಈ ಸಲ ಒಂದು ಗಣಿತದ ನೋಟ್‌ಬುಕ್, ಒಂದು ಪೆನ್ಸಿಲ್ ಬಾಕ್ಸ್, ರೈಲಿಗೆ ಅಷ್ಟೆ. ಹೋಗುವಾಗ ಒಂದು ಪುಟ ಲೆಕ್ಕ ಮಾಡಿದಳು, ಬರುವಾಗ ಮಲಗಿದಳು.

ಹೋಗುವ ಮುಂಚೆ ಒಬ್ಬರು, ಒಬ್ಬರೇ, ತಾಯಿಯನ್ನು ಗೊತ್ತು ಮಾಡಿಕೊಳ್ಳಿ. ಅವರ ಮಗು ನೀಟಾಗಿ ಬರೆಯುವ ಮಗುವಾಗಿರಲಿ. ದಿನಾ ಸಂಜೆ ನೋಟ್ಸ್ ಫೋಟೊ ಕಳಿಸಲು ಕೇಳಿ. ಗುಂಪಿನಲ್ಲಿ 'ಯಾರಾದ್ರೂ ಕಳಿಸಿ ಪ್ಲೀಸ್' ಅಂದರೆ ಯಾರೂ ಕಳಿಸುವುದಿಲ್ಲ, ಎಲ್ಲರೂ ಇನ್ನೊಬ್ಬರು ಕಳಿಸುತ್ತಾರೆ ಅಂದುಕೊಳ್ಳುತ್ತಾರೆ. ಮುಂದೆ ಅವರ ಮನೆ ಕಾರ್ಯ ಬಂದಾಗ ನೀವು ಕಳಿಸಬೇಕು, ಅದು ಲೆಕ್ಕ.

ಬಂದ ಮೇಲೆ ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಕೂತರೆ ಪ್ರೈಮರಿಯವರ ಮೂರು ದಿನದ ಬರಹ ಊಟದೊಳಗೆ ಮುಗಿಯುತ್ತದೆ. ಎಲ್ಲವನ್ನೂ ಬರೆಸಬೇಡಿ. ಗಣಿತವನ್ನು ಅರ್ಥ ಮಾಡಿಸಿ, ಕನ್ನಡ-ಇಂಗ್ಲಿಷ್ ಪಾಠ ಒಮ್ಮೆ ಓದಿಸಿ, ಪ್ರಶ್ನೋತ್ತರ ಮಾತ್ರ ಬರೆಸಿ. ಉಳಿದದ್ದು ವಾರದಲ್ಲಿ ಆಗುತ್ತದೆ.

ಕೈ, ತಲೆ, ಹೊಟ್ಟೆ

ಮೆಹಂದಿ ಹಚ್ಚಿಕೊಂಡು ಬರಬಾರದು ಅನ್ನುವ ಶಾಲೆಗಳಿವೆ. ಅದು ವಾರಕ್ಕೂ ಜಾಸ್ತಿ ದಿನ ಉಳಿಯುತ್ತದೆ, ಉಜ್ಜಿದರೆ ಹೋಗುವುದಲ್ಲ. ಚೀಟಿ ಕೊಡುವಾಗಲೇ ಒಂದು ಮಾತು ಕೇಳಿಬಿಡಿ. ಬಳೆ, ನೇಲ್ ಪಾಲಿಶ್ ಭಾನುವಾರವೇ ತೆಗೆಯಿರಿ.

ಉಪನಯನದ್ದು ಇದಕ್ಕಿಂತ ಸೂಕ್ಷ್ಮ. ಹುಡುಗ ತಲೆ ಬೋಳಿಸಿಕೊಂಡು, ಜುಟ್ಟು ಬಿಟ್ಟುಕೊಂಡು ಕ್ಲಾಸಿಗೆ ಹೋಗುತ್ತಾನೆ. ಮನೆಯಲ್ಲಿ ಎಲ್ಲರೂ ಮುದ್ದು ಮಾಡಿರುತ್ತಾರೆ, ಬೆಂಚಿನ ಮೇಲೆ ಹಾಗಲ್ಲ. ಅಕ್ಕನ ಮಗ ಮೊದಲ ದಿನ ಅತ್ತುಕೊಂಡು ಬಂದ. ಎರಡನೇ ದಿನ ಟೀಚರ್ ಅವನನ್ನೇ ಎಬ್ಬಿಸಿ "ನಿಮ್ಮನೇಲಿ ಏನು ಕಾರ್ಯ ಆಯ್ತು, ಎಲ್ರಿಗೂ ಹೇಳು" ಅಂದರಂತೆ. ಭಿಕ್ಷೆಯಲ್ಲಿ ಎಷ್ಟು ದುಡ್ಡು ಬಂತು ಅಂತ ಹೇಳಿದ ಮೇಲೆ ಯಾರೂ ನಗಲಿಲ್ಲ. ಆದ್ದರಿಂದ ಟೀಚರಿಗೆ ಮೊದಲೇ ಹೇಳಿಡಿ, ಒಂದು ವಾರ ಟೋಪಿ ಹಾಕಬಹುದಾ ಅಂತಲೂ ಕೇಳಿ. ಆಗುವುದಾದರೆ ಉಪನಯನವನ್ನು ಬೇಸಿಗೆ ರಜೆಗೇ ಇಡಿ, ಜೂನ್ ಹೊತ್ತಿಗೆ ಕೂದಲು ಬಂದಿರುತ್ತದೆ.

ಹೊಟ್ಟೆಯ ವಿಷಯ ಹೇಳುವುದೇ ಬೇಡ. ಹೋಳಿಗೆ, ಚಿರೋಟಿ, ಐಸ್‌ಕ್ರೀಮ್, ಬಾವಿ ನೀರು. ವಾಪಸ್ ಬರುವುದಕ್ಕೂ ಶಾಲೆಗೆ ಹೋಗುವುದಕ್ಕೂ ನಡುವೆ ಒಂದು ದಿನ ಬಿಡಿ ಅನ್ನಲು ಇದೂ ಒಂದು ಕಾರಣ.

ಹೊರದೇಶದಿಂದ ಬರುವವರಿಗೆ

ಇದು ಅವರಿಗಿಂತ ಜಾಸ್ತಿ ಇಲ್ಲಿ ಮುಹೂರ್ತ ಇಡುವವರು ಓದಬೇಕಾದದ್ದು. ಇಂಗ್ಲೆಂಡಿನಲ್ಲಿ ಶಾಲೆ ನಡೆಯುವಾಗ ಮಗುವನ್ನು ಕರೆದೊಯ್ಯಲು ಹೆಡ್ ಟೀಚರ್ ಅನುಮತಿ ಬೇಕು, ಅವರು ಕೊಡುವುದು ತೀರಾ ವಿಶೇಷ ಕಾರಣ ಇದ್ದರೆ ಮಾತ್ರ. ಅನುಮತಿ ಇಲ್ಲದೆ ಐದು ಶಾಲಾ ದಿನ ತಪ್ಪಿದರೆ ದಂಡದ ನೋಟಿಸು ಬರಬಹುದು. 2024ರ ಆಗಸ್ಟ್‌ನಿಂದ ಅದು 21 ದಿನದೊಳಗೆ ಕಟ್ಟಿದರೆ 80 ಪೌಂಡ್, ತಡವಾದರೆ 160. ಒಂದು ಮಗುವಿಗೆ, ಒಬ್ಬ ಪೋಷಕರಿಗೆ ಇಷ್ಟು. ಅಪ್ಪ-ಅಮ್ಮ, ಇಬ್ಬರು ಮಕ್ಕಳು ಅಂದರೆ ನಾಲ್ಕು ದಂಡ. ಮೂರು ವರ್ಷದೊಳಗೆ ಎರಡನೇ ಸಲವಾದರೆ ನೇರ 160, ಮೂರನೇ ಸಲಕ್ಕೆ ಕೋರ್ಟಿಗೂ ಹೋಗಬಹುದು. 'ಅಣ್ಣನ ಮದುವೆಗೆ ಬರೋಕೆ ನಿನಗೇನು ಕಷ್ಟ' ಅನ್ನುವ ಮುಂಚೆ ಇದು ನೆನಪಿರಲಿ.

ಅವರ ದೊಡ್ಡ ರಜೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಶುರುವಿನವರೆಗೆ. ಅಂದರೆ ಶ್ರಾವಣದ ಮುಹೂರ್ತ ಅವರಿಗೆ ಹೇಳಿ ಮಾಡಿಸಿದ್ದು. ಕ್ರಿಸ್‌ಮಸ್ ರಜೆಗೆ ಬರುತ್ತೇವೆ ಅಂತಾರೆ, ಆದರೆ ಅದು ಪೂರ್ತಿ ಧನುರ್ಮಾಸದೊಳಗೇ ಬೀಳುತ್ತದೆ. ಆಗ ಬೇಕಾದರೆ ಮದುವೆ ಆದ ಜೋಡಿಗೆ ಒಂದು ಊಟ ಇಟ್ಟುಕೊಳ್ಳಬಹುದು, ಅದಕ್ಕೆ ಮುಹೂರ್ತ ಬೇಡವಲ್ಲ.

ಸೋಮವಾರ

ಡೈರಿಯಲ್ಲಿ ರಜೆಯ ಕಾಲಂ ತುಂಬಿಸಿ, ಸಹಿ ಹಾಕಿ, ನೋಟ್‌ಬುಕ್ ಜೊತೆ ಕಳಿಸಿ. ಮದುವೆ ಮನೆಯ ಸಿಹಿ ಕಳಿಸುವ ಆಸೆ ಇದ್ದರೆ ಮೊದಲು ಕೇಳಿ, ಹೊರಗಿನ ತಿಂಡಿ ಹಂಚಲು ಬಿಡದ ಶಾಲೆಗಳೇ ಈಗ ಹೆಚ್ಚು. ನಾನು ಕೇಳದೆ ಒಂದು ಡಬ್ಬಿ ಲಾಡು, ಜೊತೆಗೆ ತಾಂಬೂಲದ ಚೀಲ ಕಳಿಸಿದೆ. ಟೀಚರ್ ತೆಂಗಿನಕಾಯಿ ಇಟ್ಟುಕೊಂಡು ಲಾಡು ವಾಪಸ್ ಕಳಿಸಿದರು. ಡಬ್ಬಿ ಮನೆಗೆ ಬಂದಾಗ ಅದರಲ್ಲಿ ಎರಡು ಕಡಿಮೆ ಇತ್ತು. ಬಸ್ಸಿನಲ್ಲಿ ಪಕ್ಕ ಕೂತವಳು ಮೆಹಂದಿ ನೋಡಬೇಕು ಅಂದಳಂತೆ, ಇವಳು ಎರಡೂ ಕೈ ಬಿಚ್ಚಿ ತೋರಿಸಿ ಆಮೇಲೆ ಲಾಡು ಕೊಟ್ಟಳಂತೆ.